ನೂರಕ್ಕೆ ಮೂರು ಕಡಿಮೆಯೋ, ವರ್ಷಕ್ಕೆ ಹನ್ನೆರಡು ಕಡಿಮೆಯೋ? ಬಡ್ಡಿ ಪಾಠದ ಒಂದು ಅನುಭವ

ತರಗತಿ: 8 (ಎ ಮತ್ತು ಬಿ ವಿಭಾಗ)
ವಿಷಯ: ಗಣಿತ
ಕಲಿಕಾಂಶ: ಸರಳ ಬಡ್ಡಿ ಮತ್ತು ಚಕ್ರಬಡ್ಡಿಯ ಅನ್ವಯ
ಅವಧಿ: ಪ್ರತಿ ವಿಭಾಗಕ್ಕೆ 40 ನಿಮಿಷ

ಹಿನ್ನೆಲೆ

ಬೋಧನಾಭ್ಯಾಸದ ಮೂರನೇ ವಾರ ನನಗೆ ಬಡ್ಡಿಯ ಪಾಠ ಬಂತು. ಮಕ್ಕಳಿಗೆ ಸೂತ್ರ ಬಾಯಿಪಾಠವಾಗಿತ್ತು. ಅಸಲು, ದರ, ಅವಧಿ ಕೊಟ್ಟರೆ ಉತ್ತರ ತೆಗೆಯುತ್ತಿದ್ದರು. ಆದರೆ ಆ ಉತ್ತರ ಏನು ಹೇಳುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು.

ಅದೇ ವಾರ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿರುವ ನನ್ನ ದೊಡ್ಡಮ್ಮನ ಮಗಳು ಫೋನ್ ಮಾಡಿದ್ದರು. ಅಕ್ಕ ಅಲ್ಲಿ ಮನೆ ಸಾಲ ಕೊಡಿಸುವ ಅಡಮಾನ ಏಜೆಂಟ್. ಈಗ ಖಾಸಗಿ ಅಡಮಾನ ಸಾಲದ ತರಬೇತಿಗೆ ಓದುತ್ತಿದ್ದಾರೆ. ನನ್ನ ಪಾಠದ ವಿಷಯ ಕೇಳಿ ನಕ್ಕರು: "ನೀನು ಎಂಟನೇ ಕ್ಲಾಸಿಗೆ ಕಲಿಸೋದನ್ನೇ ನಮಗಿಲ್ಲಿ ಮತ್ತೆ ಕಲಿಸ್ತಿದಾರೆ ಕಣೇ. ಲೆಕ್ಕ ಅದೇ, ಕೇಳೋ ಪ್ರಶ್ನೆ ಬೇರೆ."

ಆ ಬೇರೆ ಪ್ರಶ್ನೆಗಳೇ ನನ್ನ ಪಾಠಕ್ಕೆ ದಾರಿಯಾದವು.

ಆ ತರಬೇತಿ ಏನು?

ಒಂಟಾರಿಯೊದಲ್ಲಿ ಪರವಾನಗಿ ಇಲ್ಲದೆ ಅಡಮಾನ ಏಜೆಂಟ್ ಕೆಲಸ ಮಾಡುವಂತಿಲ್ಲ. 2023ರ ಏಪ್ರಿಲ್ 1ರಿಂದ ಈ ಪರವಾನಗಿಯಲ್ಲಿ ಎರಡು ಹಂತಗಳಿವೆ. ಮೊದಲ ಹಂತದವರು ಮುಖ್ಯವಾಗಿ ಬ್ಯಾಂಕಿನಂಥ ಹಣಕಾಸು ಸಂಸ್ಥೆಗಳ ಸಾಲವನ್ನಷ್ಟೇ ಕೊಡಿಸಬಹುದು. ಖಾಸಗಿಯವರಿಂದ ಸಾಲ ಕೊಡಿಸಬೇಕಾದರೆ ಎರಡನೇ ಹಂತದ ಪರವಾನಗಿ ಬೇಕು. ಅದಕ್ಕೆ ಖಾಸಗಿ ಅಡಮಾನದ ಬಗ್ಗೆಯೇ ಇರುವ ಪ್ರತ್ಯೇಕ ಕೋರ್ಸು ಮುಗಿಸಬೇಕು. ಹೊಸಬರಿಗೆ ಮೊದಲ ಹಂತದಲ್ಲಿ ಒಂದು ವರ್ಷದ ಅನುಭವವೂ ಇರಬೇಕು.

ಇಷ್ಟು ಬಿಗಿ ಯಾಕೆ? ಖಾಸಗಿ ಸಾಲಕ್ಕೆ ಬರುವವರಲ್ಲಿ ಹೆಚ್ಚಿನವರು ಬ್ಯಾಂಕು ಇಲ್ಲ ಎಂದು ಕಳಿಸಿದವರು: ಆದಾಯದ ಪುರಾವೆ ಸಾಲದವರು, ಹಿಂದಿನ ಸಾಲದ ಕಂತು ತಪ್ಪಿಸಿದವರು. ಇಂಥ ಸಾಲ ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಬಡ್ಡಿ ಹೆಚ್ಚು. ಬಹಳ ಸಲ ತಿಂಗಳಿಗೆ ಬಡ್ಡಿ ಮಾತ್ರ ಕಟ್ಟುವುದು, ಅಸಲು ಹಾಗೇ ಇರುತ್ತದೆ. ಬಡ್ಡಿಯ ಜೊತೆಗೆ ಸಾಲ ಕೊಡುವವರ ಶುಲ್ಕ, ಮಧ್ಯವರ್ತಿಯ ಶುಲ್ಕ, ವಕೀಲರ ಖರ್ಚೂ ಸೇರುತ್ತವೆ. ಆದ್ದರಿಂದ ಈ ಸಾಲ ಈ ಮನುಷ್ಯನಿಗೆ ಹೊಂದುತ್ತದೆಯೇ, ಅವಧಿ ಮುಗಿದಾಗ ಹೇಗೆ ತೀರಿಸುತ್ತಾನೆ ಎಂದು ಯೋಚಿಸುವುದನ್ನು ಏಜೆಂಟ್ ಕಲಿಯಬೇಕು. ಸಾಲದ ಒಟ್ಟು ವೆಚ್ಚ, ಅಪಾಯಗಳನ್ನು ಸಹಿಗೆ ಮೊದಲೇ ಬರಹದಲ್ಲಿ ತಿಳಿಸಬೇಕು.

ಅಕ್ಕ ಹೇಳಿದ್ದನ್ನು ನಾನು ನಾಲ್ಕು ಪ್ರಶ್ನೆಗಳಾಗಿ ಬರೆದುಕೊಂಡೆ:

1. ಕೈಗೆ ಎಷ್ಟು ಬರುತ್ತದೆ?
2. ತಿಂಗಳಿಗೆ ಎಷ್ಟು ಕಟ್ಟಬೇಕು?
3. ಅವಧಿ ಮುಗಿದ ದಿನ ಎಷ್ಟು ಬಾಕಿ ಇರುತ್ತದೆ?
4. ಆ ಬಾಕಿಗೆ ಹಣ ಎಲ್ಲಿಂದ?

ಎ ವಿಭಾಗದಲ್ಲಿ ನಡೆದದ್ದು

ಪಾಠಕ್ಕಾಗಿ ನಾನೇ ಒಂದು ಸಮಸ್ಯೆ ರಚಿಸಿದೆ. ಸಾಲ 1,00,000 ಡಾಲರ್, ಅವಧಿ 1 ವರ್ಷ, ವಾರ್ಷಿಕ ಬಡ್ಡಿ ಶೇ. 12, ತಿಂಗಳಿಗೆ ಬಡ್ಡಿ ಮಾತ್ರ. ಸಾಲ ಕೊಡುವವರ ಶುಲ್ಕ ಶೇ. 2, ಮಧ್ಯವರ್ತಿಗೆ ಶೇ. 2, ವಕೀಲರಿಗೆ 2,000. ಶುಲ್ಕಗಳೆಲ್ಲ ಮೊದಲೇ ಮುರಿದುಕೊಳ್ಳುತ್ತಾರೆ.

ಬಡ್ಡಿ 12,000 ಎಂದು ಎಲ್ಲರೂ ಬೇಗ ಹೇಳಿದರು. ಕೈಗೆ ಬರುವುದು 94,000 ಎಂದು ಕಂಡುಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ವರ್ಷದ ಕೊನೆಗೆ ಬಾಕಿ ಎಷ್ಟು?" ಎಂದಾಗ ಆರು ಗುಂಪುಗಳಲ್ಲಿ ನಾಲ್ಕು 88,000 ಎಂದು ಬರೆದವು. ಕಟ್ಟಿದ ಬಡ್ಡಿಯನ್ನು ಅಸಲಿನಿಂದ ಕಳೆದಿದ್ದರು. ತಿಂಗಳು ತಿಂಗಳೂ ಹಣ ಕಟ್ಟಿದ ಮೇಲೆ ಸಾಲ ಕಡಿಮೆಯಾಗಲೇಬೇಕು ಎಂಬುದು ಅವರ ನಂಬಿಕೆ. ಸೂತ್ರದ ಲೆಕ್ಕಗಳಲ್ಲಿ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗ ಕೇಳಿದ: "ಮೇಡಂ, ಅಲ್ಲಿ ಬಡ್ಡಿ ಹನ್ನೆರಡಾ? ನಮ್ಮೂರಲ್ಲಿ ನೂರಕ್ಕೆ ಮೂರೇ. ನಮ್ದೇ ಕಮ್ಮಿ ಅಲ್ವಾ?" ಅರ್ಧ ತರಗತಿ ಹೌದೆಂದು ತಲೆಯಾಡಿಸಿತು. ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ, ಪುಸ್ತಕದ ದರ ವರ್ಷದ್ದು. ಎರಡನ್ನೂ ಮಕ್ಕಳು ಒಂದೇ ಅಳತೆ ಎಂದುಕೊಂಡಿದ್ದರು.

ಇಲ್ಲಿ ನಾನು ಎಡವಿದೆ. ಪ್ರಶ್ನೆಯನ್ನು ಕಪ್ಪುಹಲಗೆಗೆ ತರುವ ಬದಲು, ಉತ್ಸಾಹದಲ್ಲಿ "ಯಾರ್ಯಾರ ಮನೇಲಿ ಹೀಗೆ ಸಾಲ ಮಾಡಿದಾರೆ, ಕೈ ಎತ್ತಿ" ಎಂದುಬಿಟ್ಟೆ. ಕೆಲವರು ನಗುತ್ತಾ ಕೈ ಎತ್ತಿದರು. ಅಷ್ಟು ಹೊತ್ತು ಚುರುಕಾಗಿ ಉತ್ತರಿಸುತ್ತಿದ್ದ ಒಬ್ಬ ಹುಡುಗಿ ತಲೆ ತಗ್ಗಿಸಿ ಪುಸ್ತಕ ಮುಚ್ಚಿದಳು. ಅವಧಿ ಮುಗಿಯುವವರೆಗೆ ಮಾತಾಡಲಿಲ್ಲ. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: "ಉದಾಹರಣೆ ಒಳ್ಳೆಯದು. ಮನೆಯ ಸಾಲ ಮಗುವಿನ ಗುಟ್ಟು. ಅದನ್ನು ಕೇಳುವ ಹಕ್ಕು ನಮಗಿಲ್ಲ." ಆ ಸಂಜೆ ಪಾಠ ಯೋಜನೆಯನ್ನು ಮತ್ತೆ ಬರೆದೆ.

ಬಿ ವಿಭಾಗಕ್ಕೆ ಮಾಡಿದ ಬದಲಾವಣೆ

ಅನುಕೂಲಿಸುವುದು: ಕಲ್ಪಿತ ಕುಟುಂಬವೊಂದರ ಚೀಟಿ ಕೊಟ್ಟೆ. ಮನೆಪತ್ರ ಇಟ್ಟು 1,00,000 ರೂಪಾಯಿ ಬೇಕು. ಒಬ್ಬರು ನೂರಕ್ಕೆ ಮೂರು ಎನ್ನುತ್ತಾರೆ, ಇನ್ನೊಬ್ಬರು ವರ್ಷಕ್ಕೆ ಶೇ. 12 ಮತ್ತು ಮೊದಲೇ 6,000 ಶುಲ್ಕ ಎನ್ನುತ್ತಾರೆ. ಯಾರ ಮನೆಯ ಸುದ್ದಿಯನ್ನೂ ಕೇಳಲಿಲ್ಲ.

ಪರಿಶೋಧಿಸುವುದು: ಪ್ರತಿ ಗುಂಪಿನಲ್ಲಿ ಒಬ್ಬರು ಸಾಲಗಾರ, ಒಬ್ಬರು ಸಾಲ ಕೊಡುವವರು, ಒಬ್ಬರು ಏಜೆಂಟ್. ನಾಲ್ಕು ಪ್ರಶ್ನೆಗಳಿಗೂ ಬರಹದಲ್ಲಿ ಉತ್ತರ ಸಿಗದೆ ಏಜೆಂಟ್ ಸಹಿ ಹಾಕಿಸುವಂತಿಲ್ಲ.

ವಿವರಿಸುವುದು: ಮೊದಲನೆಯವರಿಗೆ ತಿಂಗಳಿಗೆ 3,000, ವರ್ಷಕ್ಕೆ 36,000. ಅಂದರೆ ಶೇ. 36. ಎರಡನೆಯವರಿಗೆ ಬಡ್ಡಿ, ಶುಲ್ಕ ಸೇರಿ 18,000. ಕೈಗೆ ಬಂದ 94,000ದ ಮೇಲೆ ಇದು ಶೇ. 19ಕ್ಕಿಂತ ಸ್ವಲ್ಪ ಹೆಚ್ಚು. ಎರಡರಲ್ಲೂ ವರ್ಷದ ಕೊನೆಗೆ ಅಸಲು 1,00,000 ಹಾಗೇ ನಿಂತಿರುತ್ತದೆ.

ವಿಸ್ತರಿಸುವುದು: ತಿಂಗಳ ಬಡ್ಡಿ ಕಟ್ಟದೆ ಅದು ಅಸಲಿಗೆ ಸೇರುತ್ತಾ ಹೋದರೆ? ಚಕ್ರಬಡ್ಡಿ ಇಲ್ಲಿ ತಾನಾಗಿಯೇ ಬಂತು. ತಿಂಗಳಿಗೆ ಶೇ. 3ರಂತೆ 12 ತಿಂಗಳಿಗೆ ಮೊತ್ತ ಸುಮಾರು 1,42,576. ಸರಳ ಬಡ್ಡಿಯ 1,36,000ಕ್ಕಿಂತ 6,576 ಹೆಚ್ಚು. ಕೆನಡಾದಲ್ಲಿ 2025ರ ಜನವರಿ 1ರಿಂದ, ಕೆಲವು ಬಗೆಯ ಸಾಲಗಳನ್ನು ಬಿಟ್ಟು, ವರ್ಷಕ್ಕೆ ಶೇ. 35 ಮೀರಿದ ಬಡ್ಡಿ ಅಪರಾಧ ಎಂದೂ, ನಮ್ಮ ರಾಜ್ಯದಲ್ಲಿಯೂ ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯ್ದೆ ಇದೆ ಎಂದೂ ತಿಳಿಸಿದೆ. "ಮೂರು ಅಂದ್ರೆ ಮೂವತ್ತಾರು!" ಎಂದು ಒಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು.

ಮೌಲ್ಯಮಾಪನ: ಬಾಕಿಯ ಪ್ರಶ್ನೆಗೆ ಆರರಲ್ಲಿ ಐದು ಗುಂಪುಗಳು ಸರಿಯಾಗಿ ಬರೆದವು. ನಾಲ್ಕನೇ ಪ್ರಶ್ನೆಗೆ ಒಂದು ಗುಂಪು, "ಹಣ ಎಲ್ಲಿಂದ ಅಂತ ಗೊತ್ತಿಲ್ಲ, ಆದ್ದರಿಂದ ಏಜೆಂಟ್ ಸಹಿ ಹಾಕಿಸಲಿಲ್ಲ" ಎಂದು ಬರೆದಿತ್ತು. ಆ ಗುಂಪಿಗೆ ಪೂರ್ಣ ಅಂಕ ಕೊಟ್ಟೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರು ಮೂರು ವಿಷಯ ಗಮನಿಸಬಹುದು. ಸೂತ್ರಕ್ಕೆ ಮೊದಲು ದರ ತಿಂಗಳದ್ದೋ ವರ್ಷದ್ದೋ ಎಂದು ಕೇಳುವ ಅಭ್ಯಾಸ ಮಾಡಿಸಿ. ಬಡ್ಡಿ ಕಟ್ಟುವುದು, ಅಸಲು ತೀರಿಸುವುದು ಎರಡನ್ನೂ ಹಲಗೆಯ ಮೇಲೆ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಮಕ್ಕಳ ಮನೆಯ ಸಾಲವನ್ನು ಉದಾಹರಣೆ ಮಾಡಬೇಡಿ. ಬೇಕಾದವರು ತಾವೇ ಹೋಲಿಸಿಕೊಳ್ಳುತ್ತಾರೆ.

ಎ ವಿಭಾಗಕ್ಕೂ ಮರುದಿನ ಅದೇ ಚೀಟಿಯಿಂದ ಪುನರ್ಬಲನ ಪಾಠ ಮಾಡಿದೆ. ಪುಸ್ತಕ ಮುಚ್ಚಿದ್ದ ಹುಡುಗಿ ಆ ದಿನ ಏಜೆಂಟ್ ಆಗಿದ್ದಳು. ಅವಧಿ ಮುಗಿದ ಮೇಲೆ ಬಂದು, ನಾಲ್ಕು ಪ್ರಶ್ನೆಗಳಿದ್ದ ಚೀಟಿಯನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ಯಾಕೆಂದು ನಾನು ಕೇಳಲಿಲ್ಲ. ಚೀಟಿ ಕೊಟ್ಟೆ.