ಉಪಕಾರ ಮಾಡಿದ ಬಾಸ್ ಬೈದರೆ?

ಅಮ್ಮನ ಆಪರೇಷನ್ ವೇಳೆ ಕೇಳದೆಯೇ ರಜೆ ಕೊಟ್ಟು, ಮುಂಗಡ ಸಂಬಳವನ್ನೂ ಕೊಡಿಸಿದ ಬಾಸ್ ಈಗ ಮೀಟಿಂಗಿನಲ್ಲಿ ಎಲ್ಲರೆದುರು ಬೈಯುತ್ತಾರೆ. ಸಿಟ್ಟು ಬಂದಾಗಲೆಲ್ಲ ‘ನಾನು ಕೃತಘ್ನಳೇ?’ ಎಂದು ಕೊರಗುವುದಾಗಿ ಬರೆದಿದ್ದೀರಿ. ಖಂಡಿತ ಅಲ್ಲ. ಒಬ್ಬರ ಮೇಲೆ ಗೌರವವೂ ಬೇಸರವೂ ಒಟ್ಟಿಗೇ ಇರಬಹುದು. ಆದರೆ ಉಪಕಾರದ ಋಣವನ್ನು ಅವಮಾನ ನುಂಗಿ ತೀರಿಸಬೇಕಿಲ್ಲ.

ಅವರೊಬ್ಬರೇ ಇರುವ ಹೊತ್ತು ನೋಡಿ ಮಾತಾಡಿ. ‘ನೀವು ಯಾವಾಗಲೂ ಹೀಗೇ’ ಎಂದರೆ ಜಗಳವಾಗುತ್ತದೆ. ಒಂದೇ ಘಟನೆ ಹೇಳಿ: ‘ಸರ್, ರಿಪೋರ್ಟಿನ ತಪ್ಪು ನನ್ನದೇ. ಎಲ್ಲರೆದುರು ಬೈದಿದ್ದಕ್ಕೆ ತುಂಬಾ ನೋವಾಯಿತು. ಇನ್ನು ಮುಂದೆ ನನ್ನನ್ನು ಕರೆದು ಹೇಳಿ.’ ಆಮೇಲೆ ಅವರಿಗೆ ಮಾತಾಡಲು ಬಿಡಿ. ಬದಲಾಗದಿದ್ದರೆ ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಂಡು ಎಚ್‌ಆರ್‌ಗೆ ಇಮೇಲ್ ಮಾಡಿ.

ಹೊಸದಾಗಿ ಸೇರಿದ ಹುಡುಗಿಯ ಉಡುಪಿನ ಬಗ್ಗೆ ಅವರು ಆಡುವ ಮಾತನ್ನು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಹೆಚ್ಚು ಚಿಂತೆಯಾಗಿದ್ದು ಅದೇ. ಅಂಥ ಮಾತು ಲೈಂಗಿಕ ಕಿರುಕುಳವೇ ಆಗಬಹುದು. ಕೆಲಸದ ಸ್ಥಳದಲ್ಲಿ ಇಂಥ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಸಾಮಾನ್ಯವಾಗಿ ಆ ಸಮಿತಿಗೆ ಲಿಖಿತ ದೂರು ಕೊಡಬೇಕು. ಕೊಡುವುದು ಬಿಡುವುದು ಅವಳ ತೀರ್ಮಾನ. ಹೀಗೆ ದೂರು ಕೊಡಬಹುದೆಂದು ಅವಳಿಗೆ ಗೊತ್ತೇ ಎಂದು ನಾಳೆಯೇ ಕೇಳಿ. ಬೇಕೆಂದರೆ ಜತೆಗೆ ಹೋಗಿ.