ಬಿತ್ತನೆ ಬೀಜದ ಮಾರಾಟ ನಿಯಂತ್ರಣ: ಗ್ರಾಮ ಪಂಚಾಯತಿ ಸದಸ್ಯರಿಗೊಂದು ಅಧ್ಯಯನ ಪಾಠ



ಮೃಗಶಿರಾ ಮಳೆ ಹತ್ತಿರವಾಗುತ್ತಿದ್ದಂತೆ ಭಾಲ್ಕಿ, ಔರಾದ್, ಬೀದರ್ ಸೀಮೆಯ ಪ್ರತಿಯೊಂದು ಗ್ರಾಮದಲ್ಲಿಯೂ ಬಿತ್ತನೆ ಬೀಜದ್ದೇ ಮಾತು. ಮುಂಗಾರಿಗೆ ಸೋಯಾ ಅವರೆ, ತೊಗರಿ, ಉದ್ದು, ಹೆಸರು. ಹಿಂಗಾರಿಗೆ ಕಡಲೆ, ಜೋಳ. ಇವುಗಳಲ್ಲಿ ಯಾವುದನ್ನೇ ಬಿತ್ತಲಿ, ಗೊಬ್ಬರ ಕಡಿಮೆಯಾದರೆ ಮೇಲುಗೊಬ್ಬರ ಕೊಟ್ಟು ಸರಿದೂಗಿಸಬಹುದು; ಕಳೆ ಹೆಚ್ಚಾದರೆ ಕಿತ್ತು ತೆಗೆಯಬಹುದು. ಬೀಜವೇ ಮೊಳೆಯದಿದ್ದರೆ ಮಾತ್ರ ಹದವಾದ ಮಳೆ, ಎರಡು ವಾರಗಳ ಕಾಲ ಹಾಗೂ ಕೈಯಲ್ಲಿದ್ದ ಹಣ, ಮೂರೂ ಒಟ್ಟಿಗೆ ಕೈತಪ್ಪುತ್ತವೆ. ಆದುದರಿಂದ ಬೀಜದ ಮಾರಾಟಕ್ಕೆ ಸಂಬಂಧಿಸಿದ ಕಾನೂನನ್ನು ಜನಪ್ರತಿನಿಧಿಗಳು ಬಿತ್ತನೆಗೆ ಮುಂಚೆಯೇ ತಿಳಿದಿರುವುದು ಅಗತ್ಯ.

1. ನೆರೆಯ ಸೀಮೆಯ ಪಾಠ

2020ರ ಮುಂಗಾರಿನಲ್ಲಿ ನಮ್ಮ ಗಡಿಗೆ ಹೊಂದಿಕೊಂಡ ಮರಾಠವಾಡದಲ್ಲಿ ಸೋಯಾ ಬೀಜ ಮೊಳೆಯಲಿಲ್ಲವೆಂದು ಸಾವಿರಾರು ರೈತರು ದೂರು ಸಲ್ಲಿಸಿದರು. ಬಾಂಬೆ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಆ ವಿಷಯವನ್ನು ಸ್ವಪ್ರೇರಣೆಯಿಂದ ವಿಚಾರಣೆಗೆ ಎತ್ತಿಕೊಂಡಿತು. ಅದಕ್ಕೆ ಹಿಂದಿನ ವರ್ಷ ಕಟಾವಿನ ಕಾಲದಲ್ಲಿ ಸುರಿದ ಅಕಾಲಿಕ ಮಳೆಯಿಂದ ಬೀಜೋತ್ಪಾದನೆಯ ಬೆಳೆ ನೆನೆದು, ಬೀಜದ ಮೊಳೆಯುವ ಶಕ್ತಿ ಕುಗ್ಗಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ.

ಸೋಯಾ ಬೀಜದ ಸಿಪ್ಪೆ ಬಹಳ ತೆಳುವಾದುದು. ಒಕ್ಕಣೆಯ ಯಂತ್ರದ ಪೆಟ್ಟು, ಚೀಲವನ್ನು ಎತ್ತರದಿಂದ ಎಸೆಯುವುದು, ತೇವವಿರುವ ಕೋಣೆಯಲ್ಲಿ ಒಂದರ ಮೇಲೊಂದು ಒಟ್ಟುವುದು, ಇವೆಲ್ಲವೂ ಅದರ ಜೀವಶಕ್ತಿಯನ್ನು ಬೇಗನೆ ಕಳೆಯುತ್ತವೆ. ಹೊರನೋಟಕ್ಕೆ ದುಂಡಗೆ, ಹೊಳಪಾಗಿ ಕಾಣುವ ಬೀಜವೂ ಸತ್ತಿರಬಹುದು. ಸೋಯಾವನ್ನೇ ನೆಚ್ಚಿರುವ ನಮ್ಮ ಜಿಲ್ಲೆಗೆ ಈ ಎಚ್ಚರಿಕೆ ಪ್ರತಿ ವರ್ಷವೂ ಅನ್ವಯಿಸುತ್ತದೆ.

2. ಕಾನೂನಿನ ಮೂರು ಆಧಾರಗಳು

ಮೊದಲನೆಯದು, 1966ರ ಬೀಜ ಅಧಿನಿಯಮ ಹಾಗೂ ಅದರಡಿಯ 1968ರ ಬೀಜ ನಿಯಮಗಳು. ಅಧಿಸೂಚಿತ ತಳಿಯ ಬೀಜವನ್ನು ಮಾರುವವರು ಅದು ಯಾವ ತಳಿಯೆಂದು ಗುರುತಿಸುವಂತಿರಬೇಕು, ನಿಗದಿಪಡಿಸಿದ ಕನಿಷ್ಠ ಮೊಳಕೆ ಪ್ರಮಾಣ ಮತ್ತು ಶುದ್ಧತೆ ಇರಬೇಕು, ಚೀಲದ ಮೇಲೆ ಸತ್ಯವಾದ ವಿವರಗಳ ಚೀಟಿ ಇರಬೇಕು ಎಂದು 7ನೇ ಪ್ರಕರಣ ವಿಧಿಸುತ್ತದೆ.

ಎರಡನೆಯದು, 1955ರ ಅಗತ್ಯ ವಸ್ತುಗಳ ಅಧಿನಿಯಮದಡಿ ಹೊರಡಿಸಲಾದ 1983ರ ಬೀಜ ನಿಯಂತ್ರಣ ಆದೇಶ. ಇದರ ಪ್ರಕಾರ ಪರವಾನಗಿ ಇಲ್ಲದೆ ಬೀಜದ ವ್ಯಾಪಾರ ಮಾಡುವಂತಿಲ್ಲ.

ಮೂರನೆಯದು, 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ. ಇದು ತಳಿ ಅಭಿವೃದ್ಧಿಪಡಿಸಿದವರ ಹಕ್ಕಿನೊಡನೆ ರೈತನ ಹಕ್ಕನ್ನೂ ಕಾಪಾಡುತ್ತದೆ.

‘ಬೀಜ’ ಎಂಬ ಪದಕ್ಕೆ 1966ರ ಅಧಿನಿಯಮದಲ್ಲಿ ವಿಶಾಲವಾದ ಅರ್ಥವಿದೆ. ಆಹಾರ ಬೆಳೆಗಳ ಸಸಿ, ಗಡ್ಡೆ, ಬೇರು, ತುಂಡು, ಕಸಿ ಮೊದಲಾದ ಸಸ್ಯಾಭಿವೃದ್ಧಿ ಸಾಮಗ್ರಿಯೂ ಅದರಲ್ಲಿ ಸೇರುತ್ತದೆ. ಆದುದರಿಂದ ಶುಂಠಿಯ ಗಡ್ಡೆ, ತರಕಾರಿ ಸಸಿ, ಮಾವು ಹಾಗೂ ಪೇರಲದ ಕಸಿ ಗಿಡ ಕೊಳ್ಳುವಾಗಲೂ ತಳಿಯ ಹೆಸರುಳ್ಳ ರಸೀದಿ ಪಡೆಯಬೇಕು. ಶುಂಠಿಯ ಕೊಳೆರೋಗ ಗಡ್ಡೆಯ ಮೂಲಕವೇ ಹೊಲದಿಂದ ಹೊಲಕ್ಕೆ ಹರಡುತ್ತದೆ. ಕಸಿ ಗಿಡದ ತಳಿ ಬೇರೆಯೆಂಬುದು ಫಲ ಬಿಡುವವರೆಗೆ ಗೊತ್ತಾಗುವುದಿಲ್ಲ.

3. ಚೀಲದ ಮೇಲಿನ ಚೀಟಿಯನ್ನು ಓದುವ ಬಗೆ

ಚೀಟಿಯ ಬಣ್ಣವೇ ಬೀಜದ ದರ್ಜೆಯನ್ನು ತಿಳಿಸುತ್ತದೆ. ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ನಿಜಚೀಟಿ ಬೀಜಕ್ಕೆ ತಿಳಿ ಹಸಿರು. ಪ್ರಮಾಣಿತ ಬೀಜವನ್ನು ಬೀಜ ಪ್ರಮಾಣನ ಸಂಸ್ಥೆಯು ಹೊಲದ ಹಂತದಿಂದಲೇ ಪರಿಶೀಲಿಸಿರುತ್ತದೆ. ನಿಜಚೀಟಿ ಬೀಜದ ಗುಣಮಟ್ಟಕ್ಕೆ ಮಾತ್ರ ಉತ್ಪಾದಕರೇ ಹೊಣೆ. ಪ್ರಮಾಣೀಕರಣ ಕಡ್ಡಾಯವಲ್ಲ, ಆದರೆ ಅಧಿಸೂಚಿತ ತಳಿಗೆ ಚೀಟಿ ಕಡ್ಡಾಯ. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಚೀಟಿಯಲ್ಲಿ ಬೆಳೆ ಹಾಗೂ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣ, ಶುದ್ಧತೆ, ನಿವ್ವಳ ತೂಕ ಮತ್ತು ಹೊಣೆ ಹೊತ್ತವರ ಹೆಸರು, ವಿಳಾಸ ಇರಬೇಕು. ಬೀಜಕ್ಕೆ ಔಷಧಿ ಲೇಪಿಸಿದ್ದರೆ ಅದನ್ನು ಆಹಾರಕ್ಕಾಗಲಿ, ಮೇವಿಗಾಗಲಿ, ಎಣ್ಣೆಗಾಗಲಿ ಬಳಸಬಾರದೆಂಬ ಸೂಚನೆಯೂ ಇರಬೇಕು. ಪ್ರಮಾಣಿತ ಬೀಜದ ಅವಧಿ ಮೊದಲ ಸಲ 9 ತಿಂಗಳು. ಮರುಪರೀಕ್ಷೆಯಲ್ಲಿ ಗುಣಮಟ್ಟ ಉಳಿದಿದ್ದರೆ 6 ತಿಂಗಳು ವಿಸ್ತರಿಸಬಹುದು.

ನಮ್ಮ ಬೆಳೆಗಳ ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಪ್ರಮಾಣ ಹೀಗಿದೆ:

ಸೋಯಾ ಅವರೆ – ಶೇ. 70
ತೊಗರಿ, ಉದ್ದು, ಹೆಸರು – ಶೇ. 75
ಜೋಳ – ಶೇ. 75
ಕಡಲೆ – ಶೇ. 85

ಸೋಯಾದಲ್ಲಿ ನೂರಕ್ಕೆ 30 ಬೀಜ ಮೊಳೆಯದಿದ್ದರೂ ಅದು ಕಾನೂನಿನ ಮಿತಿಯೊಳಗೇ ಇರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ದೂರು ನೀಡುವ ಮುನ್ನ ಈ ಅಂಕಿ ರೈತನಿಗೂ ಸದಸ್ಯರಿಗೂ ತಿಳಿದಿರಬೇಕು.

4. ಮಾರಾಟಗಾರರ ಕರ್ತವ್ಯಗಳು

ಅಂಗಡಿಯಲ್ಲಿ ಪ್ರತಿದಿನದ ದಾಸ್ತಾನು ಹಾಗೂ ದರದ ಪಟ್ಟಿಯನ್ನು ಕಾಣುವಂತೆ ಪ್ರದರ್ಶಿಸಬೇಕು. ನಗದಿಗೆ ಕೊಂಡರೂ ಉದ್ರಿಗೆ ಕೊಂಡರೂ ಪ್ರತಿಯೊಬ್ಬ ಖರೀದಿದಾರನಿಗೆ ರಸೀದಿ ನೀಡಲೇಬೇಕು. ಉದ್ರಿ ಲೆಕ್ಕದಲ್ಲಿ ಬರೆದುಕೊಂಡೆನೆಂಬ ಮಾತು ರಸೀದಿಗೆ ಸಮವಾಗದು. ರಸೀದಿಯಲ್ಲಿ ತಳಿ ಮತ್ತು ಲಾಟ್ ಸಂಖ್ಯೆ ಬರೆದಿರುವಂತೆ ರೈತನು ನೋಡಿಕೊಳ್ಳಬೇಕು.

1968ರ ನಿಯಮಗಳ 13ನೇ ನಿಯಮದಂತೆ, ಮಾರಿದ ಪ್ರತಿಯೊಂದು ಲಾಟಿನ ಪೂರ್ಣ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಆ ಲಾಟಿನ ಮಾದರಿ ಬೀಜವನ್ನು, ಲಾಟು ಪೂರ್ತಿ ಮಾರಾಟವಾದ ಬಳಿಕ 1 ವರ್ಷದವರೆಗೆ ವಿಲೇವಾರಿ ಮಾಡುವಂತಿಲ್ಲ. ಮುಂದೆ ವಿವಾದ ಬಂದಾಗ ಈ ನಿಯಮವೇ ರೈತನಿಗೆ ದೊಡ್ಡ ಆಸರೆ.

5. ಬಿತ್ತುವ ಮುನ್ನ ಮೊಳಕೆ ಪರೀಕ್ಷೆ

ಚೀಲದಿಂದ ಆರಿಸದೆ, ಇದ್ದಂತೆಯೇ 100 ಬೀಜ ಎಣಿಸಿಕೊಳ್ಳಬೇಕು. ಒದ್ದೆ ಗೋಣಿತಟ್ಟಿನ ಮೇಲೆ ಹತ್ತು ಸಾಲುಗಳಲ್ಲಿ ಜೋಡಿಸಿ, ಇನ್ನೊಂದು ಒದ್ದೆ ತಟ್ಟು ಮುಚ್ಚಿ, ಸಡಿಲವಾಗಿ ಸುತ್ತಿ ನೆರಳಿನಲ್ಲಿಡಬೇಕು. ತೇವ ಆರದಂತೆ ನೀರು ಚಿಮುಕಿಸಬೇಕು; ನೀರು ನಿಲ್ಲಬಾರದು. ಸೋಯಾ ಆದರೆ 8ನೆಯ ದಿನ ಬಿಚ್ಚಿ, ಬೇರು ಮತ್ತು ಚಿಗುರು ಎರಡೂ ಸರಿಯಾಗಿರುವ ಮೊಳಕೆಗಳನ್ನಷ್ಟೇ ಎಣಿಸಬೇಕು.

70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಶಿಫಾರಸಿನ ಪ್ರಮಾಣದಲ್ಲಿ ಬಿತ್ತಬಹುದು. ಮನೆಯಲ್ಲಿ ಕಾಯ್ದಿಟ್ಟ ಬೀಜದಲ್ಲಿ 60 ಮಾತ್ರ ಬಂದಿತೆನ್ನೋಣ. ಆಗ ಎಕರೆಗೆ 30 ಕಿಲೋ ಬಿತ್ತುವ ಕಡೆ 30ನ್ನು 70ರಿಂದ ಗುಣಿಸಿ 60ರಿಂದ ಭಾಗಿಸಿದರೆ 35 ಕಿಲೋ ಬೇಕಾಗುತ್ತದೆ. ಅಂಗಡಿಯಿಂದ ತಂದ ಬೀಜವೇ 70ಕ್ಕಿಂತ ಕಡಿಮೆ ಬಂದರೆ ಹೆಚ್ಚು ಬೀಜ ಸುರಿದು ಬಿತ್ತಬಾರದು. ಚೀಲವನ್ನು ಹಾಗೆಯೇ ಉಳಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಬೀಜವನ್ನು ಮಳೆ ಬಿದ್ದ ಮೇಲೆ ಕೊಳ್ಳುವವರಿಗೆ ಈ ಎಂಟು ದಿನ ಸಿಗುವುದಿಲ್ಲ; ಆದುದರಿಂದ ಮುಂಚಿತವಾಗಿ ಕೊಳ್ಳುವಂತೆ ಹೇಳುವುದೇ ಸದಸ್ಯರು ಮಾಡಬಹುದಾದ ಮೊದಲ ಉಪಕಾರ.

6. ಬೀಜ ಮೊಳೆಯದಿದ್ದಾಗ

ಮೊಳಕೆ ಬಾರದಿರುವುದಕ್ಕೆಲ್ಲ ಬೀಜವೇ ಕಾರಣವಲ್ಲ. ಆಳವಾಗಿ ಬಿತ್ತಿದರೆ, ಬಿತ್ತಿದೊಡನೆ ಭಾರೀ ಮಳೆ ಬಿದ್ದು ಮಣ್ಣು ಹೆಪ್ಪುಗಟ್ಟಿದರೆ, ಕಪ್ಪು ಹೊಲದಲ್ಲಿ ನೀರು ನಿಂತರೆ, ಅರೆ ಹದದಲ್ಲಿ ಬಿತ್ತಿ ಮಳೆ ಹಿಂದೆಗೆದರೆ ಒಳ್ಳೆಯ ಬೀಜವೂ ಕೆಡುತ್ತದೆ. ಒಂದೇ ಲಾಟಿನ ಬೀಜ ಬೇರೆ ಬೇರೆ ಹೊಲಗಳಲ್ಲಿ, ಬೇರೆ ಬೇರೆ ದಿನ ಬಿತ್ತಿಯೂ ಮೊಳೆಯದಿದ್ದರೆ ಬೀಜದ ಮೇಲಿನ ಸಂಶಯ ಬಲವಾಗುತ್ತದೆ. ಒಬ್ಬರ ಹೊಲದಲ್ಲಷ್ಟೇ ಕೆಟ್ಟಿದ್ದರೆ ಮೊದಲು ಹೊಲವನ್ನೇ ಪರಿಶೀಲಿಸಬೇಕು.

ಸಂಶಯವಿದ್ದಲ್ಲಿ ರೈತನು ಬೀಜ ಪರಿವೀಕ್ಷಕರಿಗೆ ಲಿಖಿತ ದೂರು ಸಲ್ಲಿಸಬೇಕು. 1968ರ ನಿಯಮಗಳ 23-ಎ ನಿಯಮದಂತೆ ಪರಿವೀಕ್ಷಕರು ಚೀಟಿ, ಖಾಲಿ ಚೀಲ ಹಾಗೂ ಉಳಿದ ಬೀಜವನ್ನು ಸಾಧ್ಯವಾದಷ್ಟು ವಶಕ್ಕೆ ತೆಗೆದುಕೊಂಡು, ಅದೇ ಲಾಟಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಬೆಳೆ ವಿಫಲವಾದ ಕಾರಣವನ್ನು ತನಿಖೆ ಮಾಡಿ ವರದಿ ನೀಡಬೇಕು. ಆದುದರಿಂದ ಮರುಬಿತ್ತನೆಗಾಗಿ ಹೊಲವನ್ನು ಹರಗುವ ಮುನ್ನವೇ ದೂರು ತಲುಪಬೇಕು. ಖಾಲಿ ಚೀಲವನ್ನು ಎಸೆಯಬಾರದು. ಹಿಡಿಯಷ್ಟಾದರೂ ಬೀಜ ಉಳಿಸಿಕೊಂಡಿರಬೇಕು. ದೂರಿನ ಪ್ರತಿಗೆ ಸ್ವೀಕೃತಿ ಪಡೆಯಬೇಕು.

ಪರಿವೀಕ್ಷಕರು ಅಂಗಡಿಯಲ್ಲಿ ಮಾದರಿ ತೆಗೆಯುವಾಗ ಸಾಧ್ಯವಾದ ಮಟ್ಟಿಗೆ ಕನಿಷ್ಠ ಇಬ್ಬರನ್ನು ಹಾಜರಿರಿಸಿ ಅವರ ಸಹಿ ಪಡೆಯಬೇಕು. ಮಾದರಿಯನ್ನು ಮೂರು ಭಾಗ ಮಾಡಿ, ಒಂದನ್ನು ಮಾರಾಟಗಾರನಿಗೆ ಕೊಟ್ಟು, ಒಂದನ್ನು ವಿಶ್ಲೇಷಕರಿಗೆ ಕಳುಹಿಸಿ, ಇನ್ನೊಂದನ್ನು ಕಾಯ್ದಿರಿಸಬೇಕು. ದೋಷ ಕಂಡಲ್ಲಿ 30 ದಿನ ಮೀರದಂತೆ ಆ ದಾಸ್ತಾನಿನ ಮಾರಾಟವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ.

7. ದಂಡವೇ ಬೇರೆ, ಪರಿಹಾರವೇ ಬೇರೆ

1966ರ ಅಧಿನಿಯಮದಲ್ಲಿ ಮೊದಲ ಅಪರಾಧಕ್ಕೆ 500 ರೂಪಾಯಿವರೆಗೆ ದಂಡ. ಪುನಃ ಅಪರಾಧ ಮಾಡಿದರೆ 6 ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಈ ಮೊತ್ತ ಒಂದು ಚೀಲ ಬೀಜದ ಬೆಲೆಗೂ ಸಾಲದು. ಅದು ರೈತನ ಕೈ ಸೇರುವುದೂ ಇಲ್ಲ. ನಿಯಂತ್ರಣ ಆದೇಶವನ್ನು ಉಲ್ಲಂಘಿಸಿದವರಿಗೆ ಅಗತ್ಯ ವಸ್ತುಗಳ ಅಧಿನಿಯಮದಡಿ 7 ವರ್ಷದವರೆಗೆ ಶಿಕ್ಷೆಯಾಗಬಹುದು, ಪರವಾನಗಿಯೂ ರದ್ದಾಗಬಹುದು. ಆದರೂ ರೈತನ ನಷ್ಟ ಹಾಗೆಯೇ ಉಳಿಯುತ್ತದೆ.

ನಷ್ಟ ಪರಿಹಾರಕ್ಕೆ ಗ್ರಾಹಕ ಆಯೋಗವೇ ಮಾರ್ಗ. ಆಂಧ್ರಪ್ರದೇಶದ ರೈತರು ಮತ್ತು ರಾಷ್ಟ್ರೀಯ ಬೀಜ ನಿಗಮದ ನಡುವಿನ ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿ 16ರಂದು ಮಹತ್ವದ ತೀರ್ಪು ನೀಡಿತು. ಬೀಜ ಕೊಂಡ ರೈತನು ಗ್ರಾಹಕನೇ. ಬೀಜ ಅಧಿನಿಯಮ ಇದೆಯೆಂಬ ಕಾರಣಕ್ಕೆ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ. ಪರೀಕ್ಷೆಗಾಗಿ ಬೀಜ ಉಳಿಸಿಕೊಂಡಿಲ್ಲವೆಂದು ರೈತನ ದೂರನ್ನು ತಳ್ಳಿಹಾಕಲಾಗದು, ಏಕೆಂದರೆ ಕೊಂಡ ಬೀಜವನ್ನೆಲ್ಲ ಬಿತ್ತುವುದೇ ರೈತನ ಸಹಜ ನಡೆ. ಇದು ಆ ತೀರ್ಪಿನ ಸಾರ. ದೂರನ್ನು 2 ವರ್ಷದೊಳಗೆ ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

8. ಗಡಿಯಾಚೆ ಕೊಂಡ ಬೀಜ

ಔರಾದ್, ಕಮಲನಗರ ಸೀಮೆಯವರು ಉದಗೀರ, ದೇಗಲೂರ ಪೇಟೆಗೆ ಹೋಗಿ ಬೀಜ ತರುವುದುಂಟು. ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿಯ ಅಂಗಡಿಯನ್ನು ತಪಾಸಣೆ ಮಾಡುವ ಅಧಿಕಾರ ಆ ರಾಜ್ಯದ ಪರಿವೀಕ್ಷಕರಿಗೆ ಇರುತ್ತದೆ, ನಮ್ಮವರಿಗಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಮಾತ್ರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಹೀಗಾಗಿ ಗಡಿಯಾಚೆ ಕೊಂಡವನೂ ಬೀದರಿನಲ್ಲಿಯೇ ಪರಿಹಾರ ಕೇಳಬಹುದು. ಆದರೆ ರಸೀದಿ ಇಲ್ಲದೆ, ಬಿಡಿಯಾಗಿ ಕೊಂಡ ಬೀಜಕ್ಕೆ ಯಾವ ಆಯೋಗದ ಮುಂದೆಯೂ ರುಜುವಾತು ಒದಗಿಸುವುದು ಕಷ್ಟ.

9. ರೈತನ ಸ್ವಂತ ಬೀಜ

ಕಾನೂನು ಕಟ್ಟುನಿಟ್ಟಾದರೆ ನೆರೆಯವನಿಗೆ ಎರಡು ಸೇರು ತೊಗರಿ ಬೀಜ ಕೊಡುವುದೂ ತಪ್ಪಾದೀತೆ ಎಂದು ರೈತರು ಕೇಳುತ್ತಾರೆ. ತಪ್ಪಾಗದು. ತನ್ನ ಹೊಲದಲ್ಲಿ ಬೆಳೆದ ಬೀಜವನ್ನು ಬಿತ್ತನೆಗಾಗಿ ಇನ್ನೊಬ್ಬರಿಗೆ ನೇರವಾಗಿ ಮಾರುವವರಿಗೆ 1966ರ ಅಧಿನಿಯಮ ಅನ್ವಯಿಸುವುದಿಲ್ಲವೆಂದು ಅದರ 24ನೇ ಪ್ರಕರಣವೇ ಹೇಳುತ್ತದೆ. 2001ರ ಅಧಿನಿಯಮದ 39ನೇ ಪ್ರಕರಣವು ಸಂರಕ್ಷಿತ ತಳಿಯ ಬೀಜವನ್ನೂ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಕಂಪನಿಯ ಹೆಸರಿನ ಚೀಲ, ಚೀಟಿ ಹಾಕಿ ಮಾರುವಂತಿಲ್ಲ ಎಂಬುದಷ್ಟೇ ನಿರ್ಬಂಧ. ನೋಂದಾಯಿತ ತಳಿಯು ಅದರ ತಳಿವರ್ಧಕರು ತಿಳಿಸಿದಂತೆ ಫಲ ಕೊಡದಿದ್ದರೆ ಪ್ರಾಧಿಕಾರದ ಮುಂದೆ ಪರಿಹಾರ ಕೇಳುವ ಅವಕಾಶವೂ ಅದೇ ಪ್ರಕರಣದಲ್ಲಿದೆ.

2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೊ ಕಂಪನಿ ತಳಿಯ ಹಕ್ಕಿನ ದಾವೆ ಹೂಡಿದಾಗ ರೈತ ಸಂಘಟನೆಗಳು ಮುಂದಿಟ್ಟದ್ದು ಈ 39ನೇ ಪ್ರಕರಣವನ್ನೇ. ಕಂಪನಿ ದಾವೆಗಳನ್ನು ಹಿಂದಕ್ಕೆ ಪಡೆಯಿತು.

10. ಪಂಚಾಯತಿಯ ಪಾತ್ರ

ಅಂಗಡಿಯನ್ನು ಶೋಧಿಸುವ, ಬೀಜ ಜಪ್ತಿ ಮಾಡುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಗುಂಪು ಕಟ್ಟಿಕೊಂಡು ಅಂಗಡಿಗೆ ಹೋಗಿ ಗದ್ದಲ ಮಾಡಿದರೆ ಮಾದರಿ ಬೀಜವೇ ಕೈಗೆ ಸಿಗದೆ ಹೋಗಬಹುದು. ಆದರೆ ಈ ಕೆಳಗಿನ ಕಾರ್ಯಗಳು ಪಂಚಾಯತಿಯ ಕೈಯಲ್ಲಿವೆ.

(ಅ) ಮೇ ತಿಂಗಳ ಗ್ರಾಮ ಸಭೆ ಅಥವಾ ವಾರ್ಡ್ ಸಭೆಗೆ ಕೃಷಿ ಅಧಿಕಾರಿಗಳನ್ನು ಆಹ್ವಾನಿಸಿ, ಮೊಳಕೆ ಪರೀಕ್ಷೆಯನ್ನು ಸಭೆಯಲ್ಲಿಯೇ ತೋರಿಸುವುದು.
(ಆ) ಹೋಬಳಿಯ ಪರವಾನಗಿ ಪಡೆದ ಮಾರಾಟಗಾರರ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಿಂದ ತರಿಸಿ ಸೂಚನಾ ಫಲಕದಲ್ಲಿ ಹಾಕುವುದು.
(ಇ) ದೂರುಗಳನ್ನು ತಳಿ, ಲಾಟ್ ಸಂಖ್ಯೆ, ಬಿತ್ತಿದ ದಿನಾಂಕ, ಸರ್ವೆ ನಂಬರ್ ಸಹಿತ ಒಂದು ವಹಿಯಲ್ಲಿ ದಾಖಲಿಸುವುದು. ಒಂದೇ ಲಾಟಿನ ದೂರುಗಳು ಒಂದೆಡೆ ಸೇರಿದಾಗ ಸತ್ಯ ತಾನಾಗಿಯೇ ಹೊರಬೀಳುತ್ತದೆ.
(ಈ) ಪಿಡಿಒ ಅವರ ಮೂಲಕ ಸಹಾಯಕ ಕೃಷಿ ನಿರ್ದೇಶಕರಿಗೆ ಕೂಡಲೇ ಪತ್ರ ಬರೆಸುವುದು. ಕರೆ ಬಂದಾಗ ಮಾದರಿ ತೆಗೆಯುವ ಸ್ಥಳದಲ್ಲಿ ಸಾಕ್ಷಿಯಾಗಿ ನಿಲ್ಲುವುದು.
(ಉ) ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ಊರಿನ ನಾಟಿ ತಳಿಗಳನ್ನು, ಅವುಗಳನ್ನು ಕಾಪಾಡಿಕೊಂಡು ಬಂದ ಮನೆತನಗಳನ್ನು ನಮೂದಿಸುವುದು.

ಬೀಜೋಪಚಾರ, ತಳಿಯ ಆಯ್ಕೆ ಮುಂತಾದ ತಾಂತ್ರಿಕ ವಿಷಯಗಳಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಡಿಯ ಬೀದರ್ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಬಹುದು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ಹಂಗಾಮಿನಲ್ಲಿ ನಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಬೀಜ ಕೊಂಡವರಲ್ಲಿ ಎಷ್ಟು ಮಂದಿಯ ಬಳಿ ಲಾಟ್ ಸಂಖ್ಯೆಯುಳ್ಳ ರಸೀದಿ ಇದೆ?
2. ಉದ್ರಿಗೆ ಬೀಜ ಕೊಳ್ಳುವ ಸಣ್ಣ ಹಿಡುವಳಿದಾರರು ಹಾಗೂ ಪಾಲಿಗೆ ಮಾಡುವವರು ರಸೀದಿ ಕೇಳಲು ಹಿಂಜರಿಯುವುದೇಕೆ? ಅವರ ಪರವಾಗಿ ಸದಸ್ಯರು ಏನು ಮಾಡಬಹುದು?
3. ದೂರು ಬಂದ ದಿನದಿಂದ ಪರಿವೀಕ್ಷಕರು ಹೊಲಕ್ಕೆ ಬರುವವರೆಗೆ ಎಷ್ಟು ದಿನ ಹಿಡಿಯಿತು? ಅದನ್ನು ಕಡಿಮೆ ಮಾಡುವ ಬಗೆ ಯಾವುದು?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಸಭಾ ನಡವಳಿಯಲ್ಲಿ ದಾಖಲಿಸಿ, ಬಿತ್ತನೆ ಆರಂಭವಾಗುವ ಮುನ್ನ ತಾಲ್ಲೂಕು ಪಂಚಾಯತಿಯ ಹಾಗೂ ಕೃಷಿ ಇಲಾಖೆಯ ಗಮನಕ್ಕೆ ತರುವುದು.