ಕೊತ್ತಿ ಊರಲ್ಲೇ ಇರಲಿ, ಗೂಡಿಗೆ ದಾರಿ ಸಿಗದಿರಲಿ

ಶಿಡ್ಲಘಟ್ಟದಲ್ಲಿ ಪಾರಿವಾಳ ಸಾಕುವವರ ಪಾಡೇ ಬೇರೆ. ಪಕ್ಕದಲ್ಲಿ ರೇಷ್ಮೆ ಹುಳಿನ ಮನೆ ಇರುತ್ತದೆ. ಹುಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕೊತ್ತಿ. ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟ ಹಣ್ಣುಹುಳಕ್ಕೆ ಇಲಿ ಬಾಯಿ ಹಾಕಿದರೆ ಒಂದು ಬೆಳೆಯ ದುಡಿಮೆಯೇ ಮಣ್ಣುಪಾಲು. ಹೀಗಿರುವಾಗ ಆ ಮನೆಯವರ ಹತ್ತಿರ ಹೋಗಿ ‘ನಿಮ್ಮ ಕೊತ್ತಿಯನ್ನು ಎಲ್ಲಾದರೂ ಬಿಟ್ಟು ಬನ್ನಿ’ ಎನ್ನಲು ಯಾರಿಗೆ ಮುಖ ಬರುತ್ತದೆ? ಗೌರಿಬಿದನೂರಿನಲ್ಲಿ ಮುಸುಕಿನ ಜೋಳದ ಗೋದಾಮು, ಚಿಂತಾಮಣಿಯಲ್ಲಿ ಮಂಡಿ, ಚಿಕ್ಕಬಳ್ಳಾಪುರದಲ್ಲಿ ಸಂತೆ ಮೈದಾನ. ಎಲ್ಲ ಕಡೆಯೂ ಕೊತ್ತಿಗೆ ಕೆಲಸ ಇದೆ, ಅನ್ನ ಇದೆ. ಅದನ್ನು ಊರು ಬಿಡಿಸುವ ಆಸೆ ಬಿಟ್ಟು ಗೂಡಿಗೆ ದಾರಿ ಇಲ್ಲದಂತೆ ಮಾಡುವವನ ಹಕ್ಕಿಗಳು ಮಾತ್ರ ಉಳಿಯುತ್ತವೆ.

1. ಕಳ್ಳ ಯಾರೆಂದು ಮೊದಲು ನೋಡಿ. ಬೆಳಿಗ್ಗೆ ಒಂದು ಹಕ್ಕಿ ಕಡಿಮೆ ಬಂದರೆ ಎಲ್ಲರೂ ಬೈಯುವುದು ಕೊತ್ತಿಯನ್ನೇ. ಮೊಟ್ಟೆ, ಸಿಪ್ಪೆಯೂ ಉಳಿಯದಂತೆ ಮಾಯವಾಗಿದ್ದರೆ ಹಾವಿನ ಮೇಲೆ ಅನುಮಾನ ಪಡಿ. ಹಗಲಲ್ಲಿ ಟೆರೇಸಿನ ಮೇಲೆ ಒಂದೇ ಕಡೆ ಪುಕ್ಕ ಗುಡ್ಡೆ ಬಿದ್ದಿದ್ದರೆ ಗಿಡುಗ ಅಲ್ಲೇ ಕೂತು ಕಿತ್ತು ತಿಂದಿದೆ. ಹಲಗೆಯ ಅಂಚು ಕಡಿದಿದ್ದರೆ ಇಲಿ, ಹೆಗ್ಗಣ. ಕೊತ್ತಿ ಸಾಮಾನ್ಯವಾಗಿ ಹಕ್ಕಿಯನ್ನು ಇಡಿಯಾಗಿ ಕಚ್ಚಿಕೊಂಡು ಹೋಗುತ್ತದೆ. ಗೂಡಿನ ಬುಡದಲ್ಲಿ ಒಂದಿಷ್ಟು ಪುಕ್ಕ, ಆಮೇಲೆ ಕಾಂಪೌಂಡಿನ ಉದ್ದಕ್ಕೂ ಅಲ್ಲೊಂದು ಇಲ್ಲೊಂದು. ಆ ಜಾಡು ಹಿಡಿದು ಹೋದರೆ ಅದು ಬಂದ ದಾರಿಯೂ ಸಿಗುತ್ತದೆ. ಬೆಟ್ಟದ ಸೆರಗಿನ ಹಳ್ಳಿಗಳಲ್ಲಿ ಮುಂಗುಸಿ, ಪುನುಗುಬೆಕ್ಕು, ಕಾಡುಬೆಕ್ಕುಗಳ ಮಾತೂ ಬರುತ್ತದೆ. ಇವಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೈ ಎತ್ತುವಂತಿಲ್ಲ.

2. ಕೊತ್ತಿ ಒಳಗೆ ಬರಬೇಕಾಗಿಯೇ ಇಲ್ಲ. ಹೊಸದಾಗಿ ಗೂಡು ಕಟ್ಟಿದವರು ಈ ಮಾತು ನಂಬುವುದಿಲ್ಲ. ನಮಗೆ ಬೇಕಾದ ಬೆಳಕಿನ ಆರನೇ ಒಂದು ಪಾಲು ಇದ್ದರೆ ಬೆಕ್ಕಿನ ಕಣ್ಣಿಗೆ ಸಾಕು. ಪಾರಿವಾಳಕ್ಕೆ ಕತ್ತಲಾದರೆ ಸರಿಯಾಗಿ ಕಾಣದು. ನಡುರಾತ್ರಿ ಬೆಕ್ಕು ಜಾಲರಿಗೆ ಹಾರಿ, ನಾಲ್ಕೂ ಕಾಲಿನ ಉಗುರು ಸಿಕ್ಕಿಸಿ ನೇತು ಬೀಳುತ್ತದೆ. ಒಳಗಿದ್ದ ಹಿಂಡು ಗಾಬರಿಯಿಂದ ಪಟಪಟನೆ ಎದ್ದು, ದಿಕ್ಕು ತಿಳಿಯದೆ ಅದೇ ಜಾಲರಿಗೆ ಬಂದು ಬಡಿಯುತ್ತದೆ. ಸಂದಿಯಲ್ಲಿ ಪಂಜ ಕಾದಿರುತ್ತದೆ. ರೆಕ್ಕೆ ಸಿಕ್ಕರೆ ರೆಕ್ಕೆ, ಕತ್ತು ಸಿಕ್ಕರೆ ಕತ್ತು. ಬೆಳಿಗ್ಗೆ ನೋಡಿದರೆ ಹಾಕಿದ ಬೀಗ ಹಾಕಿದಂತೆಯೇ ಇದೆ, ಒಳಗೆ ತಲೆ ಇಲ್ಲದ ಹಕ್ಕಿ. ಯಾರೋ ಮಾಟ ಮಾಡಿಸಿದ್ದಾರೆ ಎಂದು ನಿಂಬೆಹಣ್ಣು ಕಟ್ಟುವವರೂ ಉಂಟು. ಕಟ್ಟಲಿ, ಜೊತೆಗೆ ಒಂದು ತಗಡನ್ನೂ ಹೊಡೆಯಲಿ.

ಮಾಡಬೇಕಾದದ್ದು ಇಷ್ಟು. ಹಕ್ಕಿ ಕೂರುವ ಪಟ್ಟಿ ಎಷ್ಟು ಎತ್ತರದಲ್ಲಿದೆಯೋ ಅಷ್ಟರವರೆಗೆ ಜಾಲರಿಯ ಹೊರಗಿನಿಂದ ಹಲಗೆ ಅಥವಾ ತಗಡು ಮುಚ್ಚಿ. ಗಾಳಿ ಮೇಲಿನಿಂದ ಆಡಲಿ. ಪಟ್ಟಿ ಜಾಲರಿಗೆ ಅಂಟಿಕೊಂಡಿರದೆ ಒಂದಡಿಯಾದರೂ ಒಳಕ್ಕಿರಲಿ. ಮರಿ ಮಾಡುವ ಖಾನೆ ಮೂರು ಕಡೆಯೂ ಮುಚ್ಚಿರಲಿ. ಈ ಗಾಬರಿಯಿಂದ ಸಾಯುವುದು ಪಂಜಕ್ಕೆ ಸಿಕ್ಕ ಹಕ್ಕಿ ಮಾತ್ರವಲ್ಲ. ಎರಡು ಮೊಟ್ಟೆ ಇಟ್ಟು ಹದಿನೇಳು ಹದಿನೆಂಟು ದಿನ ಕಾವು ಕೊಡುವ ಜೋಡಿ ಕತ್ತಲಲ್ಲಿ ಎದ್ದರೆ ವಾಪಸ್ ಗೂಡು ಸೇರಲಾರದು, ಬೆಳಗಾಗುವಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತದೆ. ಮರಿ ಆಗಲಿಲ್ಲ, ಗಂಡಿನಲ್ಲಿ ದೋಷ ಎಂದು ಜೋಡಿ ಬದಲಿಸುವವರು ಒಂದು ರಾತ್ರಿ ಟಾರ್ಚ್ ಹಿಡಿದು ಗೂಡಿನ ಹತ್ತಿರ ಕೂತು ನೋಡಬೇಕು.

3. ಮನೆಯಲ್ಲಿ ಬಿದ್ದಿದೆಯೆಂದು ಹಳೇ ಬಲೆ ಹೊಡೆಯಬೇಡಿ. ಹುಳಿನ ಮನೆಯ ಊಜಿ ನೊಣದ ಪರದೆ, ದ್ರಾಕ್ಷಿ ತೋಟದ ಹಕ್ಕಿ ಬಲೆ ನಮ್ಮ ಕಡೆ ಧಾರಾಳವಾಗಿ ಸಿಗುತ್ತವೆ. ನೊಣಕ್ಕೆ, ಗಿಣಿಗೆ ಅದು ಸರಿ, ಬೆಕ್ಕಿನ ಉಗುರಿಗೆ ಅದು ಬಟ್ಟೆ. ಕೋಳಿ ಜಾಲರಿಯೂ ತುಕ್ಕು ಹಿಡಿದ ಮೇಲೆ ಬಾಗುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ತನ್ನಿ, ದುಬಾರಿಯಾದರೂ ಸರಿ. ಪಂಜವೂ ತೂರದು, ದೊಡ್ಡ ಇಲಿಯೂ ತೂರದು. ಈಗಾಗಲೇ ಒಂದಿಂಚಿನದು ಹೊಡೆದಾಗಿದ್ದರೆ ಕಿತ್ತು ಹಾಕಬೇಕಿಲ್ಲ, ಮೂರು ಇಂಚು ಬಿಟ್ಟು ಹೊರಗೆ ಇನ್ನೊಂದು ಪದರ ಕೊಡಿ.

4. ಕಂಬ ಹತ್ತಲಾಗದಂತಿರಲಿ. ಚಿಂತಾಮಣಿ ಕಡೆ ಟೊಮೆಟೊಗೆ ನೆಟ್ಟ ನೀಲಗಿರಿ ಗಳಗಳನ್ನೇ ತಂದು ಗೂಡಿಗೆ ಕಾಲು ಮಾಡುತ್ತಾರೆ. ಮರಕ್ಕೆ ಉಗುರು ನಾಟುತ್ತದೆ, ಕೊತ್ತಿ ಸಲೀಸಾಗಿ ಏರುತ್ತದೆ. ದ್ರಾಕ್ಷಿ ಚಪ್ಪರ ಕಿತ್ತಾಗ ಬರುವ ಕಲ್ಲುಕೂಚ ಸಿಕ್ಕರೆ ಬಿಡಬೇಡಿ, ಕಲ್ಲಿಗೆ ಉಗುರು ಇಳಿಯುವುದಿಲ್ಲ. ಮರದ ಕಂಬವೇ ಗತಿ ಎಂದಾದರೆ ನೆಲದಿಂದ ಮೂರಡಿ ಬಿಟ್ಟು, ಎರಡಡಿ ಅಗಲದ ನುಣುಪು ಜಿಐ ತಗಡನ್ನು ಸುತ್ತಿ ಮೊಳೆ ಹೊಡೆಯಿರಿ. ಹುಳಿನ ತಟ್ಟೆಯ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ಕಾಲಿನ ಕೆಳಗೆ ನೀರಿನ ಬಟ್ಟಲು ಇಡುವ ಲೆಕ್ಕವೇ ಇದು. ಒಂದು ಕಾಲಿಗೆ ಬಟ್ಟಲು ತಪ್ಪಿದರೂ ಇರುವೆ ಬರುತ್ತದೆ, ಒಂದು ಕಂಬಕ್ಕೆ ತಗಡು ತಪ್ಪಿದರೂ ಬೆಕ್ಕು ಬರುತ್ತದೆ.

5. ಸುತ್ತಲೂ ಆರಡಿ ಬಯಲು ಬಿಡಿ. ಬೆಕ್ಕು ನಿಂತಲ್ಲಿಂದ ಐದಡಿ ಎತ್ತರಕ್ಕೆ ನೆಗೆಯಬಲ್ಲದು. ನುಗ್ಗೆ ಮರದ ಕೊಂಬೆ, ಪಕ್ಕದ ಮನೆಯ ಶೀಟು, ನೀರಿನ ಟ್ಯಾಂಕು, ಗೂಡಿಗೆ ಒರಗಿಸಿಟ್ಟ ಏಣಿ, ಎಲ್ಲವೂ ಅದಕ್ಕೆ ಮೆಟ್ಟಿಲೇ. ಕೊಂಬೆ ಕಡಿಸಿ. ಏಣಿ ಮಲಗಿಸಿ.

6. ಬಾಗಿಲಿಗೆ ಚಿಲಕ ಎರಡು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಪಾರಿವಾಳದ ಆಟವನ್ನೂ ರಾಜವಿನೋದಗಳಲ್ಲಿ ಸೇರಿಸಿದ್ದಾನೆ. ದೊರೆಗಾದರೆ ಕಾವಲಿಗೆ ಆಳು, ನಮ್ಮ ಹಿತ್ತಲಿಗೆ ಚಿಲಕವೇ ಆಳು. ತಂತಿ ಸುತ್ತಿದ ಬಾಗಿಲನ್ನು ಬೆಕ್ಕು ತಲೆಯಿಂದ ತಳ್ಳಿಯೇ ಸಡಿಲಿಸುತ್ತದೆ, ತಲೆ ತೂರಿದರೆ ಮೈಯೂ ತೂರಿದಂತೆ. ಮೇಲೊಂದು ಕೆಳಗೊಂದು ಚಿಲಕ ಹಾಕಿ. ಹಕ್ಕಿ ಒಳಬರಲೆಂದು ತೂಗುಬಿಟ್ಟ ಕಂಬಿಗಳನ್ನು ಬೆಕ್ಕೂ ತಳ್ಳಿಕೊಂಡು ಬರಬಲ್ಲದು, ರಾತ್ರಿ ಅದರ ಮುಂದೆ ಹಲಗೆ ಇಳಿಸಿ.

7. ಹಸಿದ ಹಕ್ಕಿಯನ್ನೇ ಬಿಡಿ. ಹೊಟ್ಟೆ ತುಂಬಿದ ಹಕ್ಕಿ ಸೀಟಿಗೆ ಬಗ್ಗುವುದಿಲ್ಲ, ಪಕ್ಕದ ಶೀಟಿನ ಮೇಲೆ ಕೂತು ಕತ್ತಲು ಮಾಡುತ್ತದೆ. ರಾತ್ರಿ ಹೊರಗುಳಿದ ಹಕ್ಕಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಹಾರಿಸಿ, ಇಳಿಸಿ, ಒಳಗೆ ಬಂದ ಮೇಲೆ ಕಾಳು ಹಾಕಿ. ದಿನಾ ಒಂದೇ ಸೀಟಿ, ಇಲ್ಲವೇ ಒಂದೇ ಡಬ್ಬದ ಸದ್ದು ಇರಲಿ. ನವೆಂಬರ್, ಡಿಸೆಂಬರ್‌ನಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಐದಕ್ಕೆಲ್ಲ ಬಾಗಿಲು ಹಾಕಿರಬೇಕು. ನಂದಿ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಮಂಜು ಕರಗುವ ತನಕ ಬಿಡಬೇಡಿ. ಬೆಕ್ಕು ಬೇಟೆಗೆ ಹೊರಡುವ ಹೊತ್ತೂ ಮುಂಜಾವು, ಮುಸ್ಸಂಜೆಯೇ.

8. ಕಾಳು ಉಳಿಸಬೇಡಿ. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಸಾಕು. ಚೆಲ್ಲಿದ ಜೋಳ, ಸಜ್ಜೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕೊತ್ತಿ. ಅನೇಕ ಗೂಡುಗಳಿಗೆ ಅದು ಮೊದಲು ಬರುವುದು ಹಕ್ಕಿಗಲ್ಲ, ಇಲಿಗೆ. ಚೀಲ ಬಿಚ್ಚಿಡದೆ ಕಾಳನ್ನು ಮುಚ್ಚಳದ ಡ್ರಮ್ಮಿನಲ್ಲಿಡಿ.

9. ಮನೆಮದ್ದಿಗೆ ಮರುಳಾಗಬೇಡಿ. ನುಸಿ ಗುಳಿಗೆಯ ಹಬೆ ಬೆಕ್ಕಿಗಿಂತ ಮೊದಲು ಹಕ್ಕಿಯ ಉಸಿರಿಗೆ ಕೆಡುಕು. ಫಿನಾಯಿಲ್ ಎರಡಕ್ಕೂ ವಿಷ. ಕಿತ್ತಳೆ ಸಿಪ್ಪೆ ಒಣಗುವ ತನಕ ಕೆಲಸ ಮಾಡೀತು. ಆಳು ಸುಳಿದರೆ ಹೊತ್ತಿಕೊಳ್ಳುವ ಸೋಲಾರ್ ದೀಪಕ್ಕೆ ಕೊತ್ತಿ ನಾಲ್ಕು ದಿನ ಹೆದರುತ್ತದೆ, ಆಮೇಲೆ ಅದೇ ಬೆಳಕಲ್ಲಿ ಕೂತು ಮೈ ನೆಕ್ಕಿಕೊಳ್ಳುತ್ತದೆ. ಗೂಡಿನ ಬುಡದಲ್ಲಿ ಕಟ್ಟಿದ ಒಂದು ನಾಟಿ ನಾಯಿ ಇವೆಲ್ಲಕ್ಕಿಂತ ವಾಸಿ.

10. ಬೆಕ್ಕಿಗೆ ಗಂಟೆ ಕಟ್ಟಿ, ನಿಜವಾಗಿಯೂ. ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಅಧ್ಯಯನದಲ್ಲಿ ಗಂಟೆ ಕಟ್ಟಿದ ಬೆಕ್ಕುಗಳು ಹಿಡಿದು ತಂದ ಹಕ್ಕಿಗಳು ಶೇ 41ರಷ್ಟು ಕಡಿಮೆಯಾಗಿದ್ದವು. ಇಲಿ ಹಿಡಿಯಲೆಂದೇ ಸಾಕಿದ ಕೊತ್ತಿಗೆ ಗಂಟೆ ಕಟ್ಟಿದರೆ ಅದರ ಕೆಲಸವೇ ಕೆಟ್ಟೀತು, ಅದನ್ನೂ ಯೋಚಿಸಿ. ಅಂಥ ಮನೆಯವರ ಹತ್ತಿರ ಬೇರೆ ಮಾತು ಆಡಬೇಕು.

‘ಅಕ್ಕಾ, ನಿಮ್ ಕೊತ್ತಿ ರಾತ್ರಿ ಎಲ್ಲಿರುತ್ತೆ?’

‘ಎಲ್ಲೋ ತಿರುಗ್ಕೊಂಡಿರುತ್ತೆ, ಯಾಕಪ್ಪಾ?’

‘ಸಂಜೆ ಒಂಚೂರು ಅನ್ನ ಹಾಕಿ ಹುಳಿನ ಮನೆ ವರಾಂಡದಲ್ಲೇ ಕೂಡಾಕಿ ಅಕ್ಕಾ. ನಿಮ್ ಇಲಿ ಕಾಟನೂ ತಪ್ಪುತ್ತೆ, ನಮ್ ಹಕ್ಕಿನೂ ಉಳೀತವೆ.’

ಜಗಳಕ್ಕೆ ಹೋದವನಿಗೆ ಸಿಗುವುದು ಜಗಳವೇ. ಹೀಗೆ ಕೇಳಿದವನಿಗೆ ಆ ಅಕ್ಕನೇ ರಾತ್ರಿ ಎದ್ದು ಬಾಗಿಲು ನೋಡುತ್ತಾಳೆ.

11. ವಿಷದ ಮಾತೇ ಬೇಡ. ಇಲಿ ಪಾಷಾಣ ಸೇರಿಸಿದ ಮೀನಿನ ತುಂಡು ಯಾರ ಮನೆಯ ನಾಯಿಗೆ, ಯಾರ ಮಗುವಿನ ಕೈಗೆ ಸಿಗುತ್ತದೋ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ವಿಷ ಹಾಕಿ ಕೊಂದರೆ ಐದು ವರ್ಷದವರೆಗೆ ಜೈಲು. ಗೋಣಿಚೀಲದಲ್ಲಿ ಕಟ್ಟಿ ಹೆದ್ದಾರಿ ಆಚೆ ಬಿಟ್ಟು ಬರುವುದೂ ವ್ಯರ್ಥ. ಒಂದು ಹೋದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಮರಿ ಹಾಕುವ ಹೆಣ್ಣು ಬೆಕ್ಕು ಓಣಿಯಲ್ಲಿದ್ದರೆ ನಾಲ್ಕು ಮನೆಯವರು ಸೇರಿ ದುಡ್ಡು ಹಾಕಿ ಸಂತಾನಹರಣ ಮಾಡಿಸಿ.

12. ಕಚ್ಚಿಸಿಕೊಂಡ ಹಕ್ಕಿಗೆ ಅರಿಶಿನ ಸಾಲದು. ಬೆಕ್ಕಿನ ಬಾಯಿಂದ ತಪ್ಪಿಸಿಕೊಂಡ ಹಕ್ಕಿಯ ಮೈಮೇಲೆ ಸೂಜಿಮೊನೆಯಷ್ಟೇ ಗಾಯ ಕಂಡೀತು. ಆದರೆ ಬೆಕ್ಕಿನ ಎಂಜಲಿನಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ, ಎರಡೇ ದಿನದಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಪುಕ್ಕ ಸರಿಸಿ ಗಾಯ ಹುಡುಕಿ, ತೊಳೆದು, ಅಂದೇ ಪಶು ಆಸ್ಪತ್ರೆಗೆ ಒಯ್ದು ಆಂಟಿಬಯಾಟಿಕ್ ಕೊಡಿಸಿ. ಚೆನ್ನಾಗಿಯೇ ಇದೆಯಲ್ಲ, ನಾಳೆ ನೋಡೋಣ ಎಂದರೆ ಕೈಬಿಟ್ಟಂತೆ.

13. ಸತ್ತ ಹಕ್ಕಿಯನ್ನು ತಿಪ್ಪೆಗೆ ಎಸೆಯಬೇಡಿ. ಒಂದು ಸಲ ತಿಪ್ಪೆಯಲ್ಲಿ ಪಾರಿವಾಳದ ರುಚಿ ಕಂಡ ಕೊತ್ತಿ ಗೂಡಿನ ಕಡೆ ಮೂಗು ತಿರುಗಿಸುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಸೋಂಕು ತಗುಲಿದ ಹಕ್ಕಿಯನ್ನು ಹಸಿಯಾಗಿ ತಿಂದ ಬೆಕ್ಕಿಗೂ ಆ ವೈರಸ್ ಹತ್ತುತ್ತದೆ, ಆ ಬೆಕ್ಕು ಮಲಗುವುದು ನಿಮ್ಮ ಅಥವಾ ಪಕ್ಕದವರ ಅಡುಗೆಮನೆಯಲ್ಲಿ. ಒಂದು ಹಕ್ಕಿ ಸತ್ತರೆ ಎರಡಡಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ, ಮೇಲೊಂದು ಚಪ್ಪಡಿ ಎಳೆಯಿರಿ. ಒಟ್ಟೊಟ್ಟಿಗೆ ನಾಲ್ಕಾರು ಬಿದ್ದರೆ ಬರಿಗೈಲಿ ಮುಟ್ಟದೆ ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ, ಅವರು ಬರುವ ತನಕ ಮಿಕ್ಕ ಹಕ್ಕಿಗಳನ್ನು ಹಾರಲು ಬಿಡಬೇಡಿ.